ಹಿಡಿಯದ ಬ್ರೇಕು, ಮಾಡದ ಕರ್ಮ

ಇಲ್ಲದಿರುವುದು ಏನನ್ನಾದರೂ ಉಂಟುಮಾಡಬಲ್ಲದೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಎರಡು ಕಡೆ ತಲೆಯೆತ್ತುತ್ತದೆ. ಅಭಾವವನ್ನು, ಎಂದರೆ ಒಂದು ವಸ್ತುವಿನ ಇಲ್ಲದಿರುವಿಕೆಯನ್ನು, ಕಾರಣಗಳ ಸಾಲಿಗೆ ಸೇರಿಸಬಹುದೇ ಎಂದು ತರ್ಕಶಾಸ್ತ್ರ ಕೇಳಿದರೆ, ಮಾಡಲೇಬೇಕಾದ ಕರ್ಮವನ್ನು ಮಾಡದೆ ಬಿಟ್ಟವನಿಗೆ ಪಾಪ ಬರುವುದುಂಟೇ, ಬರುವುದಾದರೆ ಏನೂ ನಡೆಯದಿರುವುದರಿಂದ ಅದು ಹುಟ್ಟುವುದು ಹೇಗೆ ಎಂದು ಮೀಮಾಂಸೆ ಮತ್ತು ವೇದಾಂತಗಳು ಕೇಳುತ್ತವೆ. ಪಾಠಶಾಲೆಗಳಲ್ಲಿ ಈ ಚರ್ಚೆಗೆ ನೆಲದ ಮೇಲೆ ಇಲ್ಲದ ಗಡಿಗೆಯೇ ಹಿಂದಿನಿಂದ ಬಂದ ಉದಾಹರಣೆ. ಗಡಿಗೆ ಇಲ್ಲವೆಂಬುದರಿಂದ ಯಾರಿಗೂ ಏನೂ ಆಗುವುದಿಲ್ಲವಾದ್ದರಿಂದ, ಆ ಉದಾಹರಣೆ ಅಭಾವವನ್ನು ತಿಳಿಯುವುದು ಹೇಗೆಂಬುದನ್ನು ಚೆನ್ನಾಗಿ ತೋರಿಸಿದರೂ ಅಭಾವವು ಮಾಡುವುದೇನೆಂಬುದನ್ನು ಅಷ್ಟಾಗಿ ತೋರಿಸುವುದಿಲ್ಲ. ಮೈಸೂರಿನ ನಂಜನಗೂಡು ರಸ್ತೆಯಲ್ಲಿ ಬಂಡಿಪಾಳ್ಯದ ಎಪಿಎಂಸಿ ಪ್ರಾಂಗಣಕ್ಕೆ ತರಕಾರಿ ಹೊತ್ತು ಬರುವ ಪಿಕಪ್ ಗಾಡಿಗಳಲ್ಲಿ ಆಗಾಗ ಕಾಣುವ ಒಂದು ದೋಷ ಈ ಎರಡನೆಯ ಕೆಲಸಕ್ಕೆ ಹೆಚ್ಚು ಒದಗುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಒಂದು ಬದಿಗೆ ಎಳೆಯುವುದೇ ಆ ದೋಷ.

ಹೈಡ್ರಾಲಿಕ್ ಬ್ರೇಕಿನಲ್ಲಿ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವು ಬ್ರೇಕ್ ಆಯಿಲ್ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಸಾಮಾನ್ಯ ಪಿಕಪ್‌ಗಳ ಮುಂದಿನ ಚಕ್ರಗಳಲ್ಲಿ ಕ್ಯಾಲಿಪರ್ ಎಂಬ ಭಾಗದೊಳಗಿನ ಪಿಸ್ಟನ್ ಹೊರಕ್ಕೆ ಸರಿದು, ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮುತ್ತದೆ. ಹಿಂದಿನ ಚಕ್ರಗಳಲ್ಲಿ ಬ್ರೇಕ್ ಶೂಗಳು ಅಗಲಿ ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುತ್ತವೆ. ಗಾಡಿ ನಿಧಾನವಾಗುವಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಮತ್ತು ಆ ಎರಡರಲ್ಲಿ ಪ್ರತಿಯೊಂದೂ ಗಾಡಿಯ ನಡುಗೆರೆಯಿಂದ ಸ್ವಲ್ಪ ದೂರದಲ್ಲಿರುವುದರಿಂದ, ಹಿಂದಕ್ಕೆ ಎಳೆಯುವಾಗಲೇ ಗಾಡಿಯನ್ನು ತನ್ನ ಬದಿಗೆ ತಿರುಗಿಸಲೂ ಯತ್ನಿಸುತ್ತದೆ. ಎರಡೂ ಸಮವಾಗಿ ಹಿಡಿದಾಗ ಒಂದು ತಿರುಗಿಸುವುದನ್ನು ಇನ್ನೊಂದು ತಡೆಯುತ್ತದೆ. ಗಾಡಿ ನೇರವಾಗಿ ನಿಲ್ಲುತ್ತದೆ. ಉದಾಹರಣೆಗೆ ಎಡಚಕ್ರ 4000 ನ್ಯೂಟನ್ ಬಲದಿಂದಲೂ ಬಲಚಕ್ರ 2500 ನ್ಯೂಟನ್ ಬಲದಿಂದಲೂ ಹಿಡಿದವೆಂದೂ, ನಡುಗೆರೆಯಿಂದ ಪ್ರತಿ ಚಕ್ರಕ್ಕೆ 0.7 ಮೀಟರ್ ದೂರವಿದೆಯೆಂದೂ ಇಟ್ಟುಕೊಂಡರೆ, 1050 ನ್ಯೂಟನ್-ಮೀಟರಿನಷ್ಟು ತಿರುಗುಬಲ ಯಾರ ತಡೆಯೂ ಇಲ್ಲದೆ ಉಳಿದು ಗಾಡಿಯನ್ನು ಎಡಕ್ಕೆ ಎಳೆಯುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಎಳೆತ ಕಾಣಿಸಿಕೊಳ್ಳುವುದು ಎಡಕ್ಕಾದರೂ ಕೊರತೆ ಇರುವುದು ಬಲಕ್ಕೆ ಎಂಬುದು. ಎಡಚಕ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ; ಬಲಚಕ್ರ ಮಾಡುತ್ತಿಲ್ಲ. ಆದರೆ ಚಾಲಕನ ಕೈಗೆ ತಿಳಿಯುವುದು ಎಡದ ಎಳೆತ ಮಾತ್ರವಾದ್ದರಿಂದ ಎಡಗಡೆ ಬ್ರೇಕು ಜಾಸ್ತಿ ಹಿಡಿಯುತ್ತಿದೆ, ಸ್ವಲ್ಪ ಸಡಿಲ ಮಾಡಿ ಎಂಬ ಬೇಡಿಕೆಯೇ ಮೊದಲು ಬರುತ್ತದೆ. ಅಡ್ಜಸ್ಟರ್ ಇರುವ ಡ್ರಮ್ ಬ್ರೇಕಿನಲ್ಲಿ ಈ ಬೇಡಿಕೆಯನ್ನು ಪೂರೈಸುವುದು ಸುಲಭವೂ ಹೌದು, ಮತ್ತು ಹಾಗೆ ಮಾಡಿದರೆ ಗಾಡಿ ನೇರವಾಗಿ ಹೋಗುವುದೂ ಹೌದು. ಆದರೆ ಆಗ ಸರಿಯಿದ್ದ ಒಂದು ಚಕ್ರವನ್ನೂ ಕೆಟ್ಟ ಚಕ್ರದ ಮಟ್ಟಕ್ಕೆ ಇಳಿಸಿ, ಎಳೆತವೆಂಬ ಎಚ್ಚರಿಕೆಯನ್ನು ಅಳಿಸಿ, ನಿಲ್ಲುವ ದೂರವನ್ನು ಹೆಚ್ಚಿಸಿದಂತಾಗುತ್ತದೆ. ಚಾಮುಂಡಿ ಬೆಟ್ಟದಿಂದ ಭಾರ ಹೊತ್ತು ಇಳಿಯುವ ಗಾಡಿಯ ವಿಷಯದಲ್ಲಿ ಇದಕ್ಕಿಂತ ಅಪಾಯಕರವಾದ ದುರಸ್ತಿ ಬೇರೊಂದಿಲ್ಲ. ದೋಷ ಕಂಡಲ್ಲಿಯೇ ದೋಷದ ಕಾರಣವೂ ಇರಬೇಕೆಂಬ ಊಹೆ ಇಲ್ಲಿ ಬುದ್ಧಿಯ ತಪ್ಪಾಗಿ ಮಾತ್ರ ಉಳಿಯದೆ ಜೀವಕ್ಕೇ ಮುಳುವಾಗುತ್ತದೆ.

ಕಾರ್ಯದಿಂದ ಕಾರಣಕ್ಕೆ ಹೋಗುವ ಅನುಮಾನವನ್ನು ನ್ಯಾಯಸೂತ್ರವು ಶೇಷವತ್ ಎಂದು ಕರೆಯುತ್ತದೆ. ನದಿ ತುಂಬಿ ಹರಿಯುವುದನ್ನು ಕಂಡು ಮೇಲ್ಭಾಗದಲ್ಲಿ ಮಳೆಯಾಗಿದೆಯೆಂದು ತಿಳಿಯುವುದು ಅದಕ್ಕೆ ವಾತ್ಸ್ಯಾಯನ ಭಾಷ್ಯದ ಪ್ರಸಿದ್ಧ ಉದಾಹರಣೆ. ಈ ಉದಾಹರಣೆಗೆ ನ್ಯಾಯಸೂತ್ರವೇ ಒಂದು ಆಕ್ಷೇಪವನ್ನೂ ಎತ್ತಿಕೊಳ್ಳುತ್ತದೆ: ನೀರಿಗೆ ಅಡ್ಡಗಟ್ಟಿದ್ದರಿಂದಲೂ ಹೊಳೆ ಉಬ್ಬಬಹುದಲ್ಲವೇ? ಮೈಸೂರಿನ ಓದುಗರಿಗೆ ಇದು ದೂರದ ಮಾತಲ್ಲ. ನಂಜನಗೂಡಿನ ಸ್ನಾನಘಟ್ಟ ಮುಳುಗುವುದು ಊರಿನಲ್ಲಿ ಮಳೆ ಬಂದಾಗಲಲ್ಲ, ವಯನಾಡಿನ ಮಳೆ ಕಬಿನಿ ಜಲಾಶಯವನ್ನು ತುಂಬಿಸಿ ಅಣೆಕಟ್ಟೆಯ ಬಾಗಿಲುಗಳನ್ನು ತೆರೆದಾಗ. ಒಂದೇ ಕಾರ್ಯಕ್ಕೆ ಹಲವು ಕಾರಣಗಳು ಸಾಧ್ಯವಿರುವಾಗ ಕಾರ್ಯವನ್ನು ಬರಿದೆ ನೋಡಿದರೆ ಸಾಲದು, ಅದರ ವಿಶೇಷಗಳನ್ನು ನೋಡಬೇಕೆಂಬುದೇ ನೈಯಾಯಿಕರ ಉತ್ತರ. ಮಳೆಯ ಪ್ರವಾಹಕ್ಕೆ ಅದರದೇ ವೇಗ, ನೊರೆ, ಹೊತ್ತು ತರುವ ಎಲೆ ಕಡ್ಡಿಗಳು ಇರುತ್ತವೆ. ಶೇಷವತ್ ಎಂಬುದಕ್ಕೆ ಅದೇ ಭಾಷ್ಯ ಇನ್ನೊಂದು ಅರ್ಥವನ್ನೂ ಕೊಡುತ್ತದೆ: ಸಾಧ್ಯವಿರುವ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಕೊನೆಗೆ ಉಳಿದುದನ್ನು ಹಿಡಿಯುವುದು. ಗ್ಯಾರೇಜಿನ ಒಳ್ಳೆಯ ಮೇಸ್ತ್ರಿ ಮಾಡುವುದು ಈ ಎರಡನ್ನೂ ಸೇರಿಸಿದ ಕೆಲಸ.

ಅವನ ಮೊದಲ ಪ್ರಶ್ನೆ ಗಾಡಿ ಬ್ರೇಕ್ ಒತ್ತದಿದ್ದಾಗಲೂ ಎಳೆಯುತ್ತದೆಯೇ ಎಂಬುದು. ಎಳೆಯುವುದಾದರೆ ಟೈರಿನ ಗಾಳಿಯ ಹೆಚ್ಚುಕಡಿಮೆ, ಎರಡು ಬದಿಗೆ ಬೇರೆಬೇರೆ ಸವೆತದ ಟೈರುಗಳು, ಅಲೈನ್‌ಮೆಂಟ್ ತಪ್ಪಿರುವುದು, ಇಲ್ಲವೇ ಬಿಡದೆ ಹಿಡಿದುಕೊಂಡೇ ಇರುವ ಒಂದು ಬ್ರೇಕು ಕಾರಣವಿರಬಹುದು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುವುದರಿಂದ, ಎಡಗಡೆ ಸಾಗುವ ಗಾಡಿಗೆ ಎಡಕ್ಕೆ ಸ್ವಲ್ಪ ಸರಿಯುವ ಸ್ವಭಾವ ಇದ್ದೇ ಇರುತ್ತದೆ ಎಂಬುದನ್ನೂ ಅವನು ಮರೆಯುವಂತಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದಾದರೆ ಹುಡುಕಾಟ ಬ್ರೇಕಿಗೂ, ಒತ್ತಡ ಬಿದ್ದಾಗ ಸರಿದಾಡುವ ಬುಷ್, ಬಾಲ್ ಜಾಯಿಂಟುಗಳಿಗೂ ಸೀಮಿತವಾಗುತ್ತದೆ. ಬ್ರೇಕಿನಲ್ಲೂ ಪ್ಯಾಡು ಕೆಟ್ಟಿದೆಯೋ ಕ್ಯಾಲಿಪರ್ ಕೆಟ್ಟಿದೆಯೋ ತಿಳಿಯದಿದ್ದರೆ ಎಡದ ಪ್ಯಾಡುಗಳನ್ನು ಬಲಕ್ಕೂ ಬಲದವನ್ನು ಎಡಕ್ಕೂ ಹಾಕಿ, ನಿರ್ಜನವಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಬಹುದು: ಎಳೆತವೂ ಬದಿ ಬದಲಿಸಿದರೆ ದೋಷ ಪ್ಯಾಡಿನದು, ಇದ್ದ ಕಡೆಗೇ ಎಳೆದರೆ ದೋಷ ಬೇರೆಡೆ ಇದೆ. ಒಂದಿದ್ದಲ್ಲಿ ಇನ್ನೊಂದು ಇರುವುದನ್ನೂ, ಒಂದು ಇಲ್ಲದಲ್ಲಿ ಇನ್ನೊಂದು ಇಲ್ಲದಿರುವುದನ್ನೂ ಕಂಡು ಕಾರಣವನ್ನು ನಿಶ್ಚಯಿಸುವ ಈ ಕ್ರಮಕ್ಕೆ ಅನ್ವಯ-ವ್ಯತಿರೇಕವೆಂದು ಹೆಸರು.

ಇಷ್ಟರವರೆಗೆ ವಿಷಯ ಅನುಮಾನದ್ದು. ಮೂಲ ಪ್ರಶ್ನೆ ಎದುರಾಗುವುದು ಬಲಚಕ್ರ ಹಿಡಿಯುತ್ತಿಲ್ಲವೆಂಬುದನ್ನು ತಿಳಿಯುವ ಘಟ್ಟದಲ್ಲಿ. ಅಭಾವವನ್ನು ತಿಳಿಯಲು ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನು ಕುಮಾರಿಲ ಭಟ್ಟನ ಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ. ಆದರೆ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ಆಗುವುದಿಲ್ಲ. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆನ್ನಲು ಬಾರದು. ವಸ್ತು ಇದ್ದಿದ್ದರೆ ಖಂಡಿತವಾಗಿ ಕಾಣಬೇಕಾದಂಥ ಸನ್ನಿವೇಶದಲ್ಲಿಯೂ ಅದು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ, ಮತ್ತು ಇಂಥ ಅರ್ಹ ಸನ್ನಿವೇಶದ ಕಾಣದಿರುವಿಕೆಗೆ ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಓಡುವ ಗಾಡಿಯಲ್ಲಿ ಕುಳಿತ ಚಾಲಕನಿಗೆ ಈ ಸನ್ನಿವೇಶವೇ ಇಲ್ಲ. ನಾಲ್ಕು ಚಕ್ರಗಳ ಹಿಡಿತ ಅವನ ಕಾಲಿಗೆ ಒಂದಾಗಿಯೇ ತಿಳಿಯುತ್ತದೆ. ಮೂರು ಹಿಡಿದರೂ ಪೆಡಲ್ ಗಟ್ಟಿಯಾಗಿಯೇ ಇರಬಹುದು.

ಮೇಸ್ತ್ರಿ ಆ ಸನ್ನಿವೇಶವನ್ನು ಕೈಯಾರೆ ಕಟ್ಟುತ್ತಾನೆ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಸಹಾಯಕ ಹುಡುಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಇಂಜಿನ್ ಚಾಲೂ ಇರುವಾಗ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿಯಲು ಹೇಳುತ್ತಾನೆ. ಎಡಚಕ್ರವನ್ನು ಎರಡೂ ಕೈಯಿಂದ ತಿರುಗಿಸಲು ನೋಡಿದರೆ ಅದು ಕದಲುವುದಿಲ್ಲ. ಬಲಚಕ್ರಕ್ಕೆ ಬಂದು ಅದೇ ಒತ್ತಡದಲ್ಲಿ ತಿರುಗಿಸಿದರೆ ಪ್ಯಾಡು ಡಿಸ್ಕಿಗೆ ಸವರುವ ಸಣ್ಣ ಸದ್ದಿನೊಡನೆ ಅದು ಸುತ್ತುತ್ತದೆ. ಹಿಡಿತವಿದ್ದಿದ್ದರೆ ಕೈಗೆ ತಿಳಿಯಲೇಬೇಕಾಗಿದ್ದ ಕಡೆಯಲ್ಲಿ ಅದು ತಿಳಿಯಲಿಲ್ಲ, ಅಭಾವ ಸಿದ್ಧವಾಯಿತು. ಗಾಡಿಯನ್ನು ಓಡಿಸಿ ತಂದ ಕೂಡಲೇ ಎರಡು ಬದಿಯ ಡಿಸ್ಕುಗಳ ಬಿಸಿಯನ್ನು ಥರ್ಮಾಮೀಟರ್ ಗನ್ನಿನಿಂದ ಹೋಲಿಸಿ ನೋಡುವುದೂ ಇದೇ ಜಾತಿಯ ಪರೀಕ್ಷೆ: ಘರ್ಷಣೆ ನಡೆದಿದ್ದರೆ ಬಿಸಿಯಿರಬೇಕು, ತಣ್ಣಗಿರುವ ಚಕ್ರ ಕೆಲಸ ಮಾಡಿಲ್ಲ. ಫಿಟ್‌ನೆಸ್ ತಪಾಸಣೆಯಲ್ಲಿ ಬಳಸುವ ರೋಲರ್ ಬ್ರೇಕ್ ಟೆಸ್ಟರ್ ಪ್ರತಿ ಚಕ್ರದ ಬಲವನ್ನು ಬೇರೆಬೇರೆಯಾಗಿ ಅಳೆದು ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ.

ತಿಳಿದ ಈ ಅಭಾವ ಎಡಕ್ಕೆ ಎಳೆಯುವುದಕ್ಕೆ ಕಾರಣವೆಂದು ಹೇಳಬಹುದೇ? ನೈಯಾಯಿಕರು ಯಾವ ಅಳುಕೂ ಇಲ್ಲದೆ ಹೌದೆನ್ನುತ್ತಾರೆ. ಎಲ್ಲ ಕಾರ್ಯಗಳಿಗೂ ಸಾಮಾನ್ಯವಾದ ಕಾರಣಗಳೆಂದು ಅವರು ಎಣಿಸುವವುಗಳಲ್ಲಿ ಈಶ್ವರ, ಕಾಲ, ದಿಕ್ಕು, ಅದೃಷ್ಟಗಳ ಜೊತೆಗೆ ಪ್ರತಿಬಂಧಕಾಭಾವವೂ ಒಂದು. ಪ್ರತಿಬಂಧಕವೆಂದರೆ ಕಾರ್ಯವನ್ನು ತಡೆಯುವಂಥದು. ಬೆಂಕಿಯ ಬಳಿ ಒಂದು ವಿಶೇಷ ಮಣಿ ಇದ್ದರೆ ಅದು ಸುಡುವುದಿಲ್ಲ, ಆದ್ದರಿಂದ ಸುಡುವುದಕ್ಕೆ ಬೆಂಕಿಯಷ್ಟೇ ಆ ಮಣಿಯ ಅಭಾವವೂ ಬೇಕು ಎಂಬುದು ಅವರ ಶಾಸ್ತ್ರದ ನಿದರ್ಶನ. ಅಂಥ ಮಣಿಯನ್ನು ಕಂಡವರಿಲ್ಲದ ಕಾರಣ ಆ ನಿದರ್ಶನ ಇಂದಿನ ವಿದ್ಯಾರ್ಥಿಗೆ ರುಚಿಸುವುದು ಕಷ್ಟ. ಪಿಕಪ್ಪಿನ ಮುಂದಿನ ಚಕ್ರಗಳಲ್ಲಿಯಾದರೋ ಸಿದ್ಧಾಂತದ ಎಲ್ಲ ಅಂಗಗಳೂ ಕಣ್ಣಿಗೆ ಕಾಣುತ್ತವೆ: ಎಡದ ಹಿಡಿತ ಗಾಡಿಯನ್ನು ಎಡಕ್ಕೆ ತಿರುಗಿಸಬಲ್ಲದು, ಬಲದ ಹಿಡಿತ ಅದಕ್ಕೆ ಪ್ರತಿಬಂಧಕ, ಆ ಪ್ರತಿಬಂಧಕ ಇಲ್ಲವಾದಾಗ ತಿರುಗುವಿಕೆ ನಡೆಯುತ್ತದೆ. ಎಡದ ಹಿಡಿತ ಗಾಡಿ ಸರಿಯಿದ್ದಾಗಲೂ ಇತ್ತು, ಆಗ ಎಳೆತವಿರಲಿಲ್ಲ. ಹೊಸದಾಗಿ ಬಂದಿರುವುದು ಬಲದ ಅಭಾವ ಮಾತ್ರ. ಕಾರಣವೆಂದು ಬೆರಳಿಟ್ಟು ತೋರಿಸಬೇಕಾದರೆ ತೋರಿಸಬೇಕಾದುದು ಅದನ್ನೇ.

ಈ ನಿಲುವಿಗೆ ಕರ್ನಾಟಕದ ನೆಲದಲ್ಲಿಯೇ ಬೆಳೆದ ವಿರೋಧವೂ ಇದೆ. ಮಧ್ವಾಚಾರ್ಯರ ದರ್ಶನವು ತನ್ನ ಹತ್ತು ಪದಾರ್ಥಗಳಲ್ಲಿ ಅಭಾವವನ್ನೂ ಒಂದಾಗಿ ಎಣಿಸುತ್ತದೆ. ಆದರೆ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜಾಚಾರ್ಯರ ವಿಶಿಷ್ಟಾದ್ವೈತ, ಮೈಸೂರಿನ ಪರಕಾಲ ಮಠದಲ್ಲಿ ಇಂದಿಗೂ ಪಾಠ ನಡೆಯುವ ಸಿದ್ಧಾಂತ, ಅಭಾವವೆಂಬ ಬೇರೆ ಪದಾರ್ಥವನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಒಂದರ ಅಭಾವವೆಂದರೆ ಇನ್ನೊಂದು ಭಾವಸ್ಥಿತಿ. ಗಡಿಗೆ ಹುಟ್ಟುವ ಮುನ್ನ ಅದರ ಅಭಾವವೆಂಬುದು ಮಣ್ಣಿನ ಮುದ್ದೆಯೇ. ಗಡಿಗೆ ಒಡೆದ ಮೇಲಿನ ಅಭಾವ ಒಡಕು ಹಂಚುಗಳೇ. ಬಲಚಕ್ರವನ್ನು ಬಿಚ್ಚಿದಾಗ ಕಾಣುವುದು ಈ ವಾದವನ್ನು ಬೆಂಬಲಿಸುತ್ತದೆ. ಅಲ್ಲಿ ಹಿಡಿತದ ಅಭಾವವೆಂಬುದು ಸಿಗುವುದಿಲ್ಲ, ಸಿಗುವುದು ತುಕ್ಕು ಹಿಡಿದು ಜಾಮ್ ಆದ ಪಿಸ್ಟನ್, ಗ್ರೀಸ್ ಒಣಗಿ ಸರಿಯದಂತಾದ ಕ್ಯಾಲಿಪರ್ ಪಿನ್ನು, ಎಣ್ಣೆ ತಾಗಿ ಕಪ್ಪಾದ ಪ್ಯಾಡು. ಹೋಸ್ ಪೈಪಿನ ವಿಷಯ ಇನ್ನೂ ಸೂಕ್ಷ್ಮ: ಹೊರಗೆ ಚೆನ್ನಾಗಿಯೇ ಕಾಣುವ ರಬ್ಬರು ಒಳಗೆ ಊದಿ ದಾರಿ ಕಿರಿದಾಗಿದ್ದರೆ, ಒತ್ತಿದ ಕ್ಷಣದಲ್ಲಿ ಆಯಿಲ್ ತಡವಾಗಿ ತಲುಪಿ ಗಾಡಿ ಎದುರು ಬದಿಗೆ ಎಳೆಯುತ್ತದೆ, ಕಾಲು ತೆಗೆದ ಮೇಲೆ ಆಯಿಲ್ ಹಿಂದಿರುಗದೆ ಅದೇ ಚಕ್ರ ಹಿಡಿದುಕೊಂಡು ಗಾಡಿ ಈಗ ಈ ಬದಿಗೆ ಎಳೆಯುತ್ತದೆ. ಒಂದೇ ಪೈಪು ಮೊದಲು ಇಲ್ಲದಿರುವಿಕೆಯಿಂದಲೂ ನಂತರ ಬಿಡದಿರುವಿಕೆಯಿಂದಲೂ ದೋಷವನ್ನುಂಟುಮಾಡುವ ಈ ಪ್ರಸಂಗದಲ್ಲಿ, ಅಭಾವ ಅಭಾವ ಎಂದು ಹೇಳುತ್ತ ಕುಳಿತರೆ ಏನೂ ಕೈಗೆ ಹತ್ತುವುದಿಲ್ಲ; ಊದಿದ ರಬ್ಬರನ್ನೇ ಹುಡುಕಬೇಕು. ದೋಷವನ್ನು ಗುರುತಿಸುವ ತನಕ ನೈಯಾಯಿಕರ ದಾರಿ, ಸರಿಪಡಿಸುವಾಗ ರಾಮಾನುಜರ ದಾರಿ ಎಂದು ಹೇಳಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ಇನ್ನು ಮಾಡದ ಕರ್ಮದ ಪ್ರಶ್ನೆ. ಸಂಧ್ಯಾವಂದನೆ, ಅಗ್ನಿಹೋತ್ರಗಳಂಥ ನಿತ್ಯಕರ್ಮಗಳನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯ, ಎಂದರೆ ದೋಷ ಅಥವಾ ಪಾಪ, ಉಂಟು ಎಂಬ ಅಭಿಪ್ರಾಯ ಮೀಮಾಂಸೆಯಲ್ಲಿ ಬಳಕೆಯಲ್ಲಿತ್ತು. ಶಂಕರಾಚಾರ್ಯರು ಗೀತೆಯ ಮೂರನೆಯ ಅಧ್ಯಾಯದ ಭಾಷ್ಯದ ಪೀಠಿಕೆಯಲ್ಲಿಯೂ ತೈತ್ತಿರೀಯ ಭಾಷ್ಯದ ಆರಂಭದಲ್ಲಿಯೂ ಇದನ್ನು ಖಂಡಿಸುತ್ತಾರೆ: ಮಾಡದಿರುವುದು ಅಭಾವ, ಪಾಪವಾದರೋ ಭಾವರೂಪದ್ದು, ಅಸತ್ತಿನಿಂದ ಸತ್ತು ಹುಟ್ಟಲಾರದೆಂದು ಛಾಂದೋಗ್ಯವೇ ಹೇಳಿರುವಾಗ ಅಭಾವದಿಂದ ಪಾಪ ಹುಟ್ಟುವುದು ಹೇಗೆ? ಮಾಡದಿರುವುದು ಹಿಂದಿನ ದುಷ್ಕರ್ಮ ಫಲ ಕೊಡುತ್ತಿರುವುದರ ಗುರುತಾಗಬಹುದೇ ಹೊರತು ಹೊಸ ಪಾಪಕ್ಕೆ ತಾಯಿಯಾಗಲಾರದು ಎಂಬುದು ಅವರ ತೀರ್ಮಾನ. ನಿತ್ಯಕರ್ಮದ ಲೆಕ್ಕಾಚಾರದಿಂದಲೇ ಮೋಕ್ಷ ಸಾಧಿಸಬಹುದೆಂಬ ವಾದವನ್ನು ಸುರೇಶ್ವರಾಚಾರ್ಯರು ನೈಷ್ಕರ್ಮ್ಯಸಿದ್ಧಿಯ ಮೊದಲ ಅಧ್ಯಾಯದಲ್ಲಿ ಎತ್ತಿಕೊಂಡು ನಿರಾಕರಿಸುತ್ತಾರೆ. ಆ ಗ್ರಂಥದ 1925ರ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದವರು ಮೈಸೂರಿನ ಮಹಾರಾಜ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು, 1932ರಲ್ಲಿ ಪ್ರಕಟವಾದ ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿ ನಿಂತಿತು.

ಶಂಕರರ ಖಂಡನೆ ತರ್ಕದ ದೃಷ್ಟಿಯಿಂದ ಬಲವಾದದ್ದು. ಮೋಕ್ಷವಿಚಾರದಲ್ಲಿ ಅದಕ್ಕೆ ಇರುವ ಸ್ಥಾನವನ್ನು ಅಲುಗಿಸಬೇಕಾದ ಅಗತ್ಯವಿಲ್ಲ. ಆದರೆ ಲೋಕವ್ಯವಹಾರಕ್ಕೆ ಅದನ್ನು ಹಾಗೆಯೇ ಎಳೆದು ತಂದರೆ, ತಾನೇನೂ ಮಾಡಲಿಲ್ಲ, ಆದ್ದರಿಂದ ತನ್ನಿಂದೇನೂ ಆಗಲಿಲ್ಲ ಎನ್ನುವವನಿಗೆ ಅದು ಆಸರೆಯಾಗುವ ಅಪಾಯವಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಕಾಲಕಾಲಕ್ಕೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬದಲಿಸದಿದ್ದರೆ ಆ ತೇವ ಪಿಸ್ಟನ್ನಿಗೆ ತುಕ್ಕು ಹಿಡಿಸುತ್ತದೆ, ಮತ್ತು ಇಳಿಜಾರಿನಲ್ಲಿ ಬ್ರೇಕು ಕಾದಾಗ ಆವಿಯಾಗಿ ಪೆಡಲನ್ನು ಪೊಳ್ಳಾಗಿಸುತ್ತದೆ. ಹಾಗೆ ಬದಲಿಸದ ಮಾಲೀಕನು ತುಕ್ಕನ್ನು ತಂದು ಹಚ್ಚಿದವನಲ್ಲ. ಶಂಕರರ ವಾದವನ್ನು ಅಕ್ಷರಶಃ ಹಿಡಿದರೆ ತುಕ್ಕಿಗೆ ಕಾರಣ ತೇವವೇ ಹೊರತು ಅವನ ಸುಮ್ಮನಿರುವಿಕೆಯಲ್ಲ.

ಮೀಮಾಂಸಕರ ಪರಂಪರೆಯಲ್ಲೇ ಇದಕ್ಕೆ ಒಂದು ಉತ್ತರವಿದೆ, ಮತ್ತು ಈ ಚರ್ಚೆಯಲ್ಲೆಲ್ಲ ಅತ್ಯಂತ ತೂಕದ್ದು ಅದೇ. ವಿಹಿತವಾದ ಕಾಲದಲ್ಲಿ ವಿಹಿತವಾದುದನ್ನು ಮಾಡದವನು ಆ ಹೊತ್ತಿನಲ್ಲಿ ಶೂನ್ಯನಾಗಿ ಇರುವುದಿಲ್ಲ, ಬೇರೇನನ್ನೋ ಮಾಡುತ್ತಿರುತ್ತಾನೆ. ಪ್ರತ್ಯವಾಯ ಹುಟ್ಟುವುದು ಮಾಡದಿರುವಿಕೆಯಿಂದಲ್ಲ, ಅದರ ಜಾಗದಲ್ಲಿ ಅವನು ಮಾಡಿದ ಆ ಇನ್ನೊಂದರಿಂದ. ಈ ಉತ್ತರವು ಅಭಾವದಿಂದ ಭಾವ ಹುಟ್ಟದೆಂಬ ನಿಯಮವನ್ನು ಮುರಿಯುವುದಿಲ್ಲ, ಹೊಣೆಯನ್ನೂ ಕಳಚಿಬಿಡುವುದಿಲ್ಲ. ಗಾಡಿ ಗ್ಯಾರೇಜಿನಲ್ಲಿ ನಿಲ್ಲಬೇಕಾಗಿದ್ದ ದಿನ ಅದು ಸುಮ್ಮನೆ ನಿಂತಿರಲಿಲ್ಲ, ಗುಂಡ್ಲುಪೇಟೆಯಿಂದಲೋ ಟಿ. ನರಸೀಪುರದಿಂದಲೋ ಇನ್ನೊಂದು ಲೋಡು ಹೊತ್ತು ಬಂಡಿಪಾಳ್ಯಕ್ಕೆ ಬಂತು. ಒಂದು ದಿನದ ಬಾಡಿಗೆ ತಪ್ಪಿದರೆ ಸಾಲದ ಕಂತು ತಪ್ಪುವ ಚಾಲಕ-ಮಾಲೀಕರ ಕಷ್ಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಹಾಗಿದ್ದರೂ ಸರ್ವಿಸ್ ಆಗಲಿಲ್ಲ ಎಂಬ ಕರ್ತೃವಿಲ್ಲದ ವಾಕ್ಯಕ್ಕಿಂತ, ಸರ್ವಿಸ್ ಮಾಡಿಸಬೇಕಾದ ದಿನ ಲೋಡು ಹೊಡೆಯಲಾಯಿತು ಎಂಬ ವಾಕ್ಯವೇ ನಡೆದುದನ್ನು ಸರಿಯಾಗಿ ಹೇಳುತ್ತದೆ.

ಮೈಸೂರಿನಲ್ಲಿ ಈ ಮಾತಿಗೆ ಒಂದು ಧಾರ್ಮಿಕ ಸಂದರ್ಭವೂ ಇದೆ. ದಸರೆಯ ಮಹಾನವಮಿಯಂದು ಅರಮನೆಯಲ್ಲಿ ಆಯುಧಗಳಿಗೆ ಪೂಜೆ ನಡೆಯುವಂತೆಯೇ ಗ್ಯಾರೇಜು, ಕಾರ್ಖಾನೆ, ಗಾಡಿ ಸ್ಟ್ಯಾಂಡುಗಳಲ್ಲಿಯೂ ಆಯುಧಪೂಜೆ ನಡೆಯುತ್ತದೆ. ತೊಳೆದ ಪಿಕಪ್ಪಿಗೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರಗಳಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ಸಾಗಿಸುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳುವವರು ಅದರೊಳಗಿನ ಕೃತಜ್ಞತೆಯನ್ನು ಕಾಣುವುದಿಲ್ಲ. ಅನ್ನ ಕೊಡುವ ಉಪಕರಣದ ಮುಂದೆ ವರ್ಷಕ್ಕೊಮ್ಮೆ ತಲೆಬಾಗುವುದು ದೊಡ್ಡ ಸಂಸ್ಕಾರ. ಆದರೆ ಧರ್ಮಶಾಸ್ತ್ರದ ಮಾತಿನಲ್ಲೇ ಹೇಳುವುದಾದರೆ, ಆಯುಧಪೂಜೆ ನೈಮಿತ್ತಿಕ ಕರ್ಮ, ಎಂದರೆ ಒಂದು ನಿಮಿತ್ತ ಒದಗಿದಾಗ ಮಾಡುವಂಥದು. ಚಕ್ರ ಬಿಚ್ಚಿ ಪ್ಯಾಡು ನೋಡುವುದು, ಆಯಿಲ್ ಬದಲಿಸುವುದು ಆ ಉಪಕರಣದ ನಿತ್ಯಕರ್ಮ. ನೈಮಿತ್ತಿಕವನ್ನು ಮಾಡಿದ್ದರಿಂದ ನಿತ್ಯವನ್ನು ಬಿಡಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮಹಾನವಮಿಗೆ ಮುನ್ನ ಗಾಡಿ ಹೇಗೂ ಒಂದು ದಿನ ತೊಳೆಯಲು ನಿಲ್ಲುತ್ತದೆ. ಅದೇ ದಿನ ನಾಲ್ಕೂ ಚಕ್ರಗಳನ್ನು ಬಿಚ್ಚಿ ನೋಡಿಸುವುದನ್ನು ಪೂಜೆಯ ಅಂಗವಾಗಿಯೇ ರೂಢಿಸಿಕೊಂಡರೆ ಪೂಜೆ ಇನ್ನಷ್ಟು ಪೂರ್ಣವಾಗುತ್ತದೆ.

ಹೀಗೆ ನೋಡಿಸುವವರು ಎಳೆತ ಕಂಡ ಬದಿಯನ್ನಷ್ಟೇ ತೋರಿಸಿ ಸುಮ್ಮನಾಗದೆ ಎದುರು ಬದಿಯನ್ನು ಮೊದಲು ಬಿಚ್ಚಿಸಬೇಕು. ಪ್ಯಾಡು, ಶೂ, ಹೋಸ್ ಪೈಪುಗಳನ್ನು ಬದಲಿಸುವಾಗ ಒಂದೇ ಬದಿಗೆ ಹೊಸದನ್ನು ಹಾಕಿಸದೆ ಆ ಆಕ್ಸಲಿನ ಎರಡೂ ಬದಿಗೆ ಜೋಡಿಯಾಗಿ ಹಾಕಿಸಬೇಕು. ಎಣ್ಣೆ ತಾಗಿದ ಪ್ಯಾಡನ್ನು ಉಜ್ಜಿ ತೊಳೆದು ಮತ್ತೆ ಹಾಕಲು ಬಿಡಬಾರದು. ತರ್ಕ ಕಲಿಸುವ ಅಧ್ಯಾಪಕರಲ್ಲಿಯೂ ಒಂದು ಕೋರಿಕೆಯಿದೆ: ಅಭಾವದ ಪಾಠ ಬಂದಾಗ ನೆಲದ ಮೇಲಿಲ್ಲದ ಗಡಿಗೆಯ ಜೊತೆಗೆ ಈ ಹಿಡಿಯದ ಚಕ್ರವನ್ನೂ ವಿದ್ಯಾರ್ಥಿಗಳ ಮುಂದೆ ಇಡಲಿ.